ಫಕ್ಕೀರಪ್ಪ ಕಾಕಾನ ಕರಿ ಮನೆ

ಕಾಕಾ, ನಿಮ್ಮ ಸ್ವರವನ್ನು ಅಪ್ಪ ಒಯ್ಯಲಿಲ್ಲ. ಕದ್ದವಳು ನಾನು. ಹದಿನಾಲ್ಕು ವರ್ಷ ಅದು ಬೆಟಗೇರಿಯಲ್ಲಿ, ನನ್ನ ಹೊಲಿಗೆ ಯಂತ್ರದ ಡ್ರಾವರಿನಲ್ಲಿ, ಗುಂಡಿಗಳ ಡಬ್ಬಿಯೊಳಗೆ ಬಿದ್ದಿತ್ತು.

ಕೊರ್ಲಹಳ್ಳಿಯ ಸೋಮವಾರದ ಭಜನೆಯಲ್ಲಿ ಹಾಡುವವರು ನೀವು, ಹಾರ್ಮೋನಿಯಂ ಪೇಟಿ ಬಾರಿಸುವವನು ನನ್ನ ಅಪ್ಪ. ಅಜ್ಜ ನಾಟಕ ಕಂಪನಿಯಲ್ಲಿದ್ದಾಗ ಕೊಂಡ ಪೇಟಿ ಅದು. ನೀವು ಬಾಯಿ ತೆರೆಯುವ ಮೊದಲು ಅಪ್ಪ ಬಿಳಿ-ಕರಿ ಮನೆಗಳ ಸಾಲಿನಲ್ಲಿ ನಡುವಿನ ಒಂದು ಕರಿ ಮನೆಯ ಮೇಲೆ ಬೆರಳೊತ್ತಿ ಹಿಡಿಯುತ್ತಿದ್ದ. "ಇದು ಫಕ್ಕೀರಪ್ಪನ ಮನಿ" ಎನ್ನುತ್ತಿದ್ದ. ಒತ್ತಿ ಒತ್ತಿ ಅದರ ಕರಿ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿತ್ತು. ವರ್ಷಕ್ಕೊಮ್ಮೆ ಅಪ್ಪ ಪೇಟಿ ಬಿಚ್ಚಿ ಸ್ವರ ಹೊರಡಿಸುವ ರೀಡುಗಳ ಧೂಳು ತೆಗೆಯುವಾಗ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ಕೂರುವವಳು ನಾನು. ಬಿಚ್ಚುವುದು, ಕೂರಿಸುವುದು ಎಲ್ಲ ನೋಡಿಯೇ ಕಲಿತೆ. ಬಾರಿಸಲು ಮಾತ್ರ ಅಪ್ಪ ಒಂದು ದಿನವೂ ನನ್ನನ್ನು ಕರೆಯಲಿಲ್ಲ.

ಸಾಯುವ ಮುಂಚೆ ಅವನು ಹೇಳಿದ್ದು ಇಷ್ಟೇ: "ಪೇಟಿ ಫಕ್ಕೀರಪ್ಪಗ ಕೊಡು." ನನಗಾಗಿ — ಒಂದು ಮಾತೂ ಇಲ್ಲ. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಹುಡುಕುವುದಿಲ್ಲ. ದಿನಕರ್ಮ ಮುಗಿದ ಮರುದಿನ ನೀವು ಪೇಟಿಗಾಗಿ ಬರುವಿರೆಂದು ಗೊತ್ತಿತ್ತು. ಬೆಳಿಗ್ಗೆಯೇ ಪೇಟಿ ಬಿಚ್ಚಿ ಆ ಮನೆಯ ರೀಡು ತೆಗೆದೆ. ಬೆರಳುದ್ದದ ಹಿತ್ತಾಳೆಯ ತುಂಡು, ಅಷ್ಟೇ. "ಪೇಟಿ ಕೆಟ್ಟೈತ್ರಿ ಕಾಕಾ" ಎಂದೆ. ನೀವು ಕುಳಿತು ಗಾಳಿ ಹಾಕಿ ಆ ಒಂದೇ ಮನೆಗೆ ಬೆರಳಿಟ್ಟಿರಿ. ಉಸ್ ಎಂದು ಬರೀ ಗಾಳಿ ಬಂತು.

"ಅಣ್ಣ ನನ್ನ ಸ್ವರ ಒಯ್ದ ಬಿಡವಾ" ಎಂದು ಪೇಟಿಗೆ ಕೈಮುಗಿದು, ಅದನ್ನು ನನ್ನಲ್ಲೇ ಬಿಟ್ಟು ಎದ್ದಿರಿ. ಆಮೇಲೆ ನೀವು ಹಾಡಲೇ ಇಲ್ಲವೆಂದು ಕೇಳಿದೆ. ಕೇಳಿಯೂ ನಾನು —

ಈ ವರ್ಷ ಒಂದೇ ಕೋಣೆಯ ಬಾಡಿಗೆ ಮನೆಗೆ ಬಂದಾಗ ಪೇಟಿಗೆ ಜಾಗವಿರಲಿಲ್ಲ. ಮಾರಲು ಹೊರಟೆ. ಲಕ್ಷ್ಮೇಶ್ವರದಿಂದ ಹೋಟೆಲಿನವರೊಬ್ಬರು ನೋಡಲು ಬಂದರು. ಒಂದು ಸ್ವರ ಬರುವುದಿಲ್ಲ ಎಂದೆ.

"ಇರಲಿ ಬಿಡ್ರಿ. ಚಂದಕ್ಕ ಕಾಜಿನ ಕಪಾಟಿನ್ಯಾಗ ಇಡಾಕ ಸ್ವರ ಯಾಕ ಬೇಕು?"

ಹದಿನಾಲ್ಕು ವರ್ಷ ನಾನು ಮಾಡಿದ್ದೂ ಅದನ್ನೇ ಅಲ್ಲವೇ? ಅವರನ್ನು ಕಳಿಸಿ, ರೀಡು ಹುಡುಕಿ ಕೂರಿಸಿದೆ. ಒಂದು ಸ್ಕ್ರೂ ಕಳೆದಿತ್ತು. ಹೊಲಿಗೆ ಯಂತ್ರದ್ದನ್ನು ಬಿಗಿದು ಕೊರ್ಲಹಳ್ಳಿಯ ಬಸ್ಸು ಹತ್ತಿದೆ.

ನಿಮ್ಮ ಮನೆಯ ಕಟ್ಟೆಯ ಮೇಲೆ ಪೇಟಿ ಇಟ್ಟೆ. ನಿಮ್ಮ ಬೆರಳು ಸೀದಾ ಆ ಸವೆದ ಮನೆಗೇ ಹೋಯಿತು. ಸ್ವರ ಬಂತು. ಅದರ ಹಿಂದೆಯೇ ನಿಮ್ಮ ದನಿ — ಇಷ್ಟು ವರ್ಷ ಸುಮ್ಮನಿದ್ದ ಗಂಟಲು ಕೂದಲೆಳೆಯಷ್ಟೂ ತಪ್ಪದೆ ಅದರೊಳಗೆ ಸೇರಿತು. ಪೇಟಿಯ ದನಿ ಯಾವುದು, ನಿಮ್ಮದು ಯಾವುದು, ತಿಳಿಯಲಿಲ್ಲ. ನೀರು ತರುತ್ತಿದ್ದ ಹೆಂಗಸರು ಕೊಡ ಇಳಿಸಿ ನಿಂತರು. ಪೇಟಿ ನಿಮಗೇ ಕೊಡೆಂದು ಅಪ್ಪ ಯಾಕೆ ಹೇಳಿದನೆಂದು ಆಗ ಅರ್ಥವಾಯಿತು.

ಹಾಡು ಮುಗಿಸಿ ನೀವು ಕಣ್ಣೊರೆಸಿಕೊಂಡಿರಿ. "ನನ್ನಿಂದ ಏನೋ ತಪ್ಪಾಗೈತಿ, ಅದಕ್ಕ ಅಣ್ಣ ಸ್ವರ ಒಯ್ದಾನ ಅಂತ ತಿಳ್ಕೊಂಡಿದ್ನಿ. ಇವತ್ತ ಕ್ಷಮಾ ಮಾಡಿದ ನೋಡವಾ."

ನಿಂತವರೆಲ್ಲ ಪವಾಡವೆಂದು ಪೇಟಿಗೆ ಕೈಮುಗಿದರು. ನಾನೂ ಮುಗಿದೆ. ಬಾಯಿ ಬಿಡಲಿಲ್ಲ — ಅದು ನನ್ನ ಎರಡನೆಯ ಕಳವು.

ಬರುವ ಸೋಮವಾರ ಭಜನೆಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನು ನಿಮ್ಮೆದುರು, ಅಂದು ಕೈಮುಗಿದವರೆಲ್ಲರ ಮುಂದೆ ಓದುತ್ತೇನೆ. ನಂಬಿಕೆಯಾಗದಿದ್ದರೆ ಪೇಟಿ ಬಿಚ್ಚಿ ತೋರಿಸುತ್ತೇನೆ. ನಿಮ್ಮ ರೀಡಿಗೆ ಎರಡು ಸ್ಕ್ರೂಗಳಿವೆ. ಒಂದು ಅಜ್ಜನ ಕಾಲದ್ದು, ಇನ್ನೊಂದು ನನ್ನ ಹೊಲಿಗೆ ಯಂತ್ರದ್ದು. ನಿಮ್ಮಿಂದ ಯಾವ ತಪ್ಪೂ ಆಗಿರಲಿಲ್ಲ, ಕಾಕಾ.