ಬ್ರೇಕಕ್ಕ ಮುರಿದ ಸಂಬಂಧ

ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಅವಳಿಗೆ ಸುತ್ತಲಿನ ಬೀದಿಗಳಲ್ಲೆಲ್ಲ ಬ್ರೇಕಕ್ಕ ಎಂದೇ ಹೆಸರು. ಕಾರು ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲ ಬಳಿ ಇರಿಸಿಕೊಂಡ ಇನ್ನೊಂದು ಬ್ರೇಕನ್ನು ಒತ್ತುವುದರಲ್ಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಮದುವೆಯ ಗೋಜಿಗೆ ಹೋದವಳಲ್ಲ. ಮನೆಯಲ್ಲಿ ಜೊತೆಗೆಂದು ಇದ್ದದ್ದು ಕಪ್ಪಿ ಎಂಬ ಲ್ಯಾಬ್ರಡಾರ್ ಹೆಣ್ಣುನಾಯಿ.

ಅವಳ ತಮ್ಮ ಎರಡು ಬೀದಿ ಆಚೆ ಟೈರ್ ಅಂಗಡಿ ಇಟ್ಟಿದ್ದ. ಅವನ ಹತ್ತಿರವೂ ಅದೇ ಜಾತಿಯ ಗಂಡುನಾಯಿ ಇತ್ತು. ಟೈರುಗಳ ರಾಶಿಯ ಮೇಲೆ ಅದು ಕೂರುತ್ತಿದ್ದ ಗತ್ತು ನೋಡಿ ಜನ ಸಾಹೇಬ ಎಂದು ಕರೆಯುತ್ತಿದ್ದರು. ಕಪ್ಪಿಗೂ ಸಾಹೇಬನಿಗೂ ಜೋಡಿ ಮಾಡಿದಾಗ ತಮ್ಮ, ಅಕ್ಕ-ತಮ್ಮ ಹೋಗಿ ಬೀಗರಾದೆವು ಎಂದು ಕಂಡಕಂಡವರಿಗೆಲ್ಲ ಹೇಳಿ ನಕ್ಕಿದ್ದ. ಹುಟ್ಟಿದ ಮರಿಗಳನ್ನು ಬ್ರೇಕಕ್ಕ ಗೊತ್ತಿದ್ದವರಿಗಷ್ಟೇ ಕೊಟ್ಟಳು. ಒಂದು ಮರಿ ಚಪ್ಪಲಿ ಅಂಗಡಿಯವರ ಮನೆ ಸೇರಿತು.

ಆ ಮರಿಗಳೆಲ್ಲ ದೊಡ್ಡವಾಗಿ, ಕಪ್ಪಿಗೂ ಸಾಹೇಬನಿಗೂ ಮತ್ತೊಮ್ಮೆ ಜೋಡಿ ಮಾಡಬೇಕೆಂದು ಮಾತಾಗಿತ್ತು. ಮರಿ ನಮಗೇ ಇರಲಿ ಎಂದು ಆಗಲೇ ಹಲವರು ಹೇಳಿಟ್ಟಿದ್ದರು. ಅಷ್ಟರಲ್ಲಿ ಒಂದು ಸಂಜೆ ಚಪ್ಪಲಿ ಅಂಗಡಿಯವರು ಬ್ರೇಕಕ್ಕನನ್ನು ಕರೆಸಿದರು. ದೂರಲು ಕರೆದಿದ್ದಲ್ಲ, ಅವರಿಗೆ ಗಾಬರಿಯಾಗಿತ್ತು. ಹೊತ್ತು ಮುಳುಗಿದರೆ ಸಾಕು, ನಾಯಿ ಮೆಟ್ಟಿಲ ಹತ್ತಿರ ನಿಂತುಬಿಡುತ್ತದೆ, ಇಳಿಯಲು ಹೆದರುತ್ತದೆ ಎಂದರು. ಅವಳು ನೋಡುತ್ತಿದ್ದಂತೆಯೇ ನಾಯಿ ಗಿರಾಕಿಗಳು ಕೂರುವ ಸ್ಟೂಲಿಗೆ ಮುಖ ಬಡಿದುಕೊಂಡಿತು. ಸ್ಟೂಲು ಅಲ್ಲಿಗೆ ಬಂದದ್ದು ಅದಕ್ಕೆ ಗೊತ್ತೇ ಆಗಿರಲಿಲ್ಲ.

ನಾಯಿಯನ್ನು ಕರೆದುಕೊಂಡು ಬ್ರೇಕಕ್ಕನೂ ಅಂಗಡಿಯವರೂ ಜೊತೆಯಲ್ಲೇ ಪ್ರಾಣಿವೈದ್ಯೆಯ ಬಳಿಗೆ ಹೋದರು. ವೈದ್ಯೆ ದೀಪ ಆರಿಸಿ, ಸಣ್ಣ ಟಾರ್ಚು ಹಿಡಿದು ಬಹಳ ಹೊತ್ತು ಕಣ್ಣು ನೋಡಿದರು. ಕಣ್ಣಿನ ಒಳಪರದೆ ಸವೆಯುತ್ತಿದೆ, ಮೊದಲು ಕತ್ತಲಲ್ಲಿ ಕಾಣಿಸುವುದಿಲ್ಲ, ಆಮೇಲೆ ಹಗಲಲ್ಲೂ ಕಾಣಿಸುವುದಿಲ್ಲ, ಇದಕ್ಕೆ ಔಷಧಿಯಿಲ್ಲ ಎಂದರು. ಬ್ರೇಕಕ್ಕ ಕೇಳಿದ್ದು ಒಂದೇ ಮಾತು, ಇದು ಎಲ್ಲಿಂದ ಬಂತು ಎಂದು.

"ಅಪ್ಪ ಅಮ್ಮನಿಂದ," ಎಂದರು ವೈದ್ಯೆ. "ಕೆಟ್ಟ ಅಂಶ ಒಬ್ಬರಿಂದ ಮಾತ್ರ ಬಂದ್ರೆ ಮರಿಗೆ ಏನೂ ಆಗಲ್ಲ. ಇಬ್ಬರಿಂದಲೂ ಬಂದ್ರೆ ಕಣ್ಣು ಹೋಗುತ್ತೆ. ನಿಮ್ಮ ಕಪ್ಪಿಗೂ ಆ ಗಂಡಿಗೂ ಕಣ್ಣು ಚೆನ್ನಾಗೇ ಇರುತ್ತೆ, ನೋಡಿದ್ರೆ ಗೊತ್ತಾಗಲ್ಲ. ಜೋಡಿ ಮಾಡೋಕೆ ಮುಂಚೆ ಪರೀಕ್ಷೆ ಮಾಡಿಸಿದ್ರೆ ಮಾತ್ರ ಗೊತ್ತಾಗೋದು."

ಜೋಡಿ ಮಾಡುವಾಗ ಬ್ರೇಕಕ್ಕ ತಲೆಯ ಅಗಲ, ಕೂದಲ ಹೊಳಪು, ಸ್ವಭಾವ ಎಲ್ಲವನ್ನೂ ಅಳೆದು ತೂಗಿ ನೋಡಿದ್ದಳು. ಕಣ್ಣಿಗೆ ಕಾಣದ್ದನ್ನೂ ನೋಡುವುದಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ.

ಮರುದಿನವೇ ಕಪ್ಪಿಯನ್ನು ಕರೆದೊಯ್ದಳು. ವೈದ್ಯೆ ಹತ್ತಿ ಸುತ್ತಿದ ಕಡ್ಡಿಯಿಂದ ನಾಯಿಯ ಕೆನ್ನೆಯ ಒಳಭಾಗವನ್ನು ಉಜ್ಜಿ ಪರೀಕ್ಷೆಗೆ ಕಳಿಸಿದರು. ಅಂದುಕೊಂಡಂತೆಯೇ ಆಯಿತು, ಕಪ್ಪಿಯಲ್ಲಿ ಆ ಅಂಶವಿತ್ತು. ಮರಿ ಕಾದಿದ್ದವರಿಗೆಲ್ಲ ಬ್ರೇಕಕ್ಕ ಇಲ್ಲವೆಂದಳು. ಹಿಂದೆ ಮರಿ ಕೊಟ್ಟ ಮನೆಗಳಿಗೆ ತಾನೇ ಹೋಗಿ, ನಾಯಿಯ ಕಣ್ಣನ್ನು ವೈದ್ಯರಿಗೆ ತೋರಿಸಿ, ಪರೀಕ್ಷೆ ಮಾಡಿಸದೆ ಇದಕ್ಕೆ ಜೋಡಿ ಮಾಡಬೇಡಿ ಎಂದು ತಿಳಿಸಿ ಬಂದಳು. ಒಂದು ಮನೆಯವರು ಬಾಗಿಲಲ್ಲೇ ಮುಖ ಗಂಟಿಕ್ಕಿಕೊಂಡರು. ಅವಳು ಹೇಳಬೇಕಾದ್ದನ್ನು ಹೇಳಿಯೇ ಹೊರಟಳು.

ಸುದ್ದಿ ತಮ್ಮನ ಕಿವಿಗೆ ಬಿದ್ದದ್ದು ಬೇರೆಯವರ ಬಾಯಿಂದ. ಗ್ರೀಸು ಹತ್ತಿದ ಕೈ ಒರೆಸಿಕೊಳ್ಳದೆಯೇ ಅಕ್ಕನ ಮನೆಗೆ ಬಂದ.

"ಊರೆಲ್ಲ ತಿರುಗಿ ನನ್ನ ನಾಯಿ ಮಾನ ಕಳೆದ್ಯಲ್ಲಕ್ಕ? ಆ ಬೀದಿ ಕೊನೇಲಿ ಬೆಕ್ಕು ಬಾಲ ಅಲ್ಲಾಡಿಸಿದ್ರೂ ಅವನಿಗೆ ಕಾಣುತ್ತೆ."

"ಅವನಿಗೆ ಕಾಣುತ್ತೆ ಕಣೋ. ಅವನ ಮಗನಿಗೆ ಕಾಣ್ತಿಲ್ಲ," ಎಂದಳು ಅಕ್ಕ. "ನಿನಗೆ ಮೊದಲೇ ಹೇಳ್ಬೇಕಿತ್ತು, ಅದು ನನ್ನ ತಪ್ಪು. ಆದ್ರೆ ಈ ಸಂಬಂಧ ಇಲ್ಲಿಗೆ ಮುಗೀತು. ನೀನೂ ಒಂದ್ಸಲ ಪರೀಕ್ಷೆ ಮಾಡ್ಸು."

ಅವನು ಮಾಡಿಸಲಿಲ್ಲ. ಮಾತೂ ಬಿಟ್ಟ. ಸಾಹೇಬನನ್ನು ಜೋಡಿಗೆಂದು ಕೇಳಿ ಬರುವವರು ಬೇರೆ ಇದ್ದರು, ಅವನು ಕಳಿಸುತ್ತಲೂ ಇದ್ದ. ಬ್ರೇಕಕ್ಕನಿಗೆ ಹೆಚ್ಚು ಸಂಕಟವಾದದ್ದು ಅದಕ್ಕೆ. ಅವನು ಮಾತು ಬಿಟ್ಟದ್ದನ್ನಾದರೂ ಅವಳು ನುಂಗಿಕೊಂಡಿದ್ದಳು.

ಹೀಗಿರುವಾಗ ಅವನ ಚಪ್ಪಲಿಯ ಪಟ್ಟಿ ಕಿತ್ತು, ಹೊಸದು ಕೊಳ್ಳಲು ಚಪ್ಪಲಿ ಅಂಗಡಿಗೆ ಹೋದ. ನಡು ಮಧ್ಯಾಹ್ನ, ಬಿಸಿಲು ಒಳಗಿನವರೆಗೂ ಬಂದಿತ್ತು. ಒಳಗೆ ಮಲಗಿದ್ದ ನಾಯಿ ಟೈರಿನ ವಾಸನೆ ಹಿಡಿದು ಎದ್ದು, ಬಾಲ ಬೀಸುತ್ತಾ ಅವನತ್ತ ಓಡಿತು. ನಡುವೆ ಪೇರಿಸಿಟ್ಟ ಡಬ್ಬಗಳಿಗೆ ನೇರ ಹೋಗಿ ಗುದ್ದಿತು. ಡಬ್ಬಗಳೆಲ್ಲ ಅದರ ಮೇಲೆಯೇ ಉರುಳಿದವು. ಅದು ಹಾಗೆಯೇ ಅವುಗಳ ಕೆಳಗೆ ಬಾಲ ಬೀಸುತ್ತಿತ್ತು. ಅದರ ಹಣೆ, ಅದರ ಕಿವಿ, ಎಲ್ಲವೂ ಸಾಹೇಬನದೇ. ಡಬ್ಬಗಳನ್ನು ಎತ್ತಿಡಲು ಬಗ್ಗಿದವನು ಎಷ್ಟೋ ಹೊತ್ತು ಏಳಲಿಲ್ಲವೆಂದು ಅಂಗಡಿಯವರು ಆಮೇಲೆ ಬ್ರೇಕಕ್ಕನಿಗೆ ಹೇಳಿದರು. ಚಪ್ಪಲಿ ಕೊಳ್ಳುವುದನ್ನೂ ಮರೆತು ಹೋಗಿದ್ದನಂತೆ.

ಸಾಹೇಬನ ಪರೀಕ್ಷೆಯಲ್ಲೂ ಅದೇ ಬಂತು. ತಮ್ಮ ಅಕ್ಕನ ಮನೆಗೆ ಬಂದು ಫಲಿತಾಂಶ ಹೇಳಿ, ಕುರ್ಚಿಯಲ್ಲಿ ಕೂತ.

"ಅವನನ್ನ ಕಳಿಸಿದ ಮನೆಗಳಿಗೆಲ್ಲ ಹೋಗ್ಬೇಕು. ನೀನೂ ಬರ್ತೀಯಾ?"

"ನಡಿ, ಹೋಗೋಣ. ಮಾತು ಮಾತ್ರ ನೀನೇ ಆಡ್ಬೇಕು," ಎಂದಳು.

ಅವನೇ ಆಡಿದ. ಕೆಲವರು ಬೈದರು, ಕೆಲವರು ಸುಮ್ಮನೆ ಕೇಳಿಸಿಕೊಂಡರು. ಅದಾದ ಮೇಲೆ ಸಾಹೇಬನಿಗೆ ಮರಿಯಾಗದಂತೆ ಆಪರೇಷನ್ ಮಾಡಿಸಿದ.

ಕಪ್ಪಿ ಮುಂದೆ ಬೆದೆಗೆ ಬಂದಾಗ ಬ್ರೇಕಕ್ಕ ಬಹಳ ಯೋಚಿಸಿದಳು. ಆ ಅಂಶವಿಲ್ಲದ ಗಂಡಿನ ಜೊತೆ ಮಾಡಿದರೆ ಈ ಕಾಯಿಲೆಯಿಂದ ಯಾವ ಮರಿಗೂ ಕಣ್ಣು ಹೋಗುವುದಿಲ್ಲ ಎಂದಿದ್ದರು ವೈದ್ಯೆ. ಅಂಥ ಗಂಡನ್ನು ಹುಡುಕಿದ್ದು ತಮ್ಮನೇ. ಹುಟ್ಟಿದ್ದು ನಾಲ್ಕು ಮರಿ, ನಾಲ್ಕಕ್ಕೂ ಪರೀಕ್ಷೆ ಮಾಡಿಸಿದರು. ಎರಡರಲ್ಲಿ ತಾಯಿಯ ಅಂಶವಿತ್ತು. ಅವುಗಳಲ್ಲಿ ಒಂದನ್ನು ಆ ವಿಷಯ ಬಾಯಿಬಿಟ್ಟು ಹೇಳಿಯೇ ಕೊಟ್ಟರು. ಇನ್ನೊಂದನ್ನು ತಮ್ಮ ತನಗೇ ಇಟ್ಟುಕೊಂಡ. ಅದು ಈಗ ಸಾಹೇಬನ ಪಕ್ಕ, ಟೈರುಗಳ ಮೇಲೆ ಹತ್ತಲು ಕಲಿಯುತ್ತಿದೆ.