ತಗಡಿನ ಮೇಲಿನ ಹನ್ನೊಂದು ಕಲ್ಲು

ನಮ್ಮ ಕಡೆ ತಗಡಿನ ಮನೆ ಅಂದರೆ ಮೇಲೆ ಕಲ್ಲು ಇರಲೇಬೇಕು. ಕುಷ್ಟಗಿಯಿಂದ ಯಲಬುರ್ಗಾಕ್ಕೆ ಬೈಕಿನ ಮೇಲೆ ಹೋಗುವಾಗ ರಸ್ತೆಯ ಎರಡೂ ಬದಿ ನೋಡಿ. ಕಲ್ಲು, ಒಡೆದ ಒರಳು, ಹಳೆ ಟೈರು, ಒಮ್ಮೊಮ್ಮೆ ಮುರಿದ ಕುಂಟೆ ಕೂಡ ತಗಡಿನ ಮೇಲೆ ಕೂತಿರುತ್ತದೆ. ಗಾಳಿಗೆ ತಗಡು ಹಾರದಿರಲಿ ಅಂತ ಇಟ್ಟದ್ದು. ನಾನು ಅದನ್ನು ನೋಡಿ ನಗುತ್ತಿದ್ದೆ. ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಆರು ವರ್ಷ ಫಿಟ್ಟರ್ ಆಗಿ ದುಡಿದವನು ನಾನು. ಅಲ್ಲಿನ ಶೆಡ್ಡುಗಳ ತಗಡು ಬೋಲ್ಟಿನ ಬಲದ ಮೇಲೆ ನಿಲ್ಲುತ್ತದೆ, ಕಲ್ಲಿನ ಭಾರದ ಮೇಲಲ್ಲ.

ಕಾರ್ಖಾನೆ ಬಿಟ್ಟ ಮೇಲೆ ಮನೆಗಳಿಗೆ ಸೋಲಾರ್ ಕೂಡಿಸುವ ಕೆಲಸ ಹಿಡಿದೆ. ಜೊತೆಗೆ ನನ್ನದೇ ವಯಸ್ಸಿನ ಒಬ್ಬ ಗೆಳೆಯ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ತಾಲೂಕಿನ ತಗಡು ತುಳಿದೆವು. ಹನುಮನಹಳ್ಳಿಯಲ್ಲಿ ಒಂದು ಖಾನಾವಳಿಯ ಮೇಲೆ ಪ್ಯಾನೆಲ್ ಕೂಡಿಸುವಾಗ ಮಂಗಗಳು ಸಾಲಾಗಿ ಬಂದು ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದವು. ಅವುಗಳ ನಡುವೆಯೇ ಕೆಲಸ ಮುಗಿಸಿ ಬಂದವನಿಗೆ ತಗಡಿನ ವಿಷಯದಲ್ಲಿ ಇನ್ನು ಯಾರೂ ಬುದ್ಧಿ ಹೇಳುವ ಹಾಗಿಲ್ಲ ಎಂಬ ಸೊಕ್ಕು ಬಂದಿತ್ತು. ಅದು ಇಳಿದದ್ದು ತಾವರಗೇರಾದ ಹೊರಗೆ, ಬಟ್ಟೆ ಹೊಲಿಯುವ ಒಬ್ಬ ಮುದುಕಿಯ ಮನೆಯ ಮೇಲೆ.

ಊರವರೆಲ್ಲ ಅವರನ್ನು ಟೇಲರವ್ವ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಹೊಲದ ಅಂಚಿನಲ್ಲಿ ಒಂದೇ ಕೋಣೆಯ ಉದ್ದನೆಯ ಮನೆ, ಮೇಲೆ ತಗಡು, ಬಾಗಿಲ ಮುಂದೆ ಬೇವಿನ ಮರ. ಅವರಿಗೆ ಎರಡೂ ಮೊಣಕಾಲು ಹೋಗಿದ್ದವು. ಕಾಲಿನಿಂದ ಮಷಿನ್ ತುಳಿಯುವುದು ನಿಂತು ಮೂರು ವರ್ಷವಾಗಿತ್ತು. ಗಂಗಾವತಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಮಗಳು ಮಷಿನ್ನಿಗೆ ಮೋಟಾರ್ ಹಾಕಿಸಿಕೊಟ್ಟಿದ್ದಳು. ಆದರೆ ಮನೆಗೆ ಬರುತ್ತಿದ್ದದ್ದು ಹೊಲದ ಲೈನಿನ ಕರೆಂಟು. ಅದು ಪಂಪ್‌ಸೆಟ್ಟಿನ ಹೊತ್ತು ನೋಡಿಕೊಂಡು ಬರುತ್ತದೆಯೇ ಹೊರತು ಹೊಲಿಯುವವರ ಹೊತ್ತು ನೋಡಿಕೊಂಡಲ್ಲ. ಹೀಗಾಗಿ ಮೋಟಾರ್ ಇದ್ದೂ ಇಲ್ಲದ ಹಾಗೆ.

ನಾವು ಸಾಮಾನು ಇಳಿಸುತ್ತಿದ್ದಾಗ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕೇಳದಿದ್ದರೂ ಹೇಳಿದರು. "ಕಾಲು ಹೋಗ್ಯಾವ್ರಿ ತಮ್ಮಾ. ಕಣ್ಣು ಛಲೋ ಅದಾವು, ಕೈ ಛಲೋ ಅದಾವು. ಈ ಸಲ ಸಾಲಿ ಶುರು ಆಗೋದ್ರೊಳಗ ಮಷಿನ್ ಮುಂದ ಕುಂತ್ರ ಕುಂತೆ. ಇಲ್ಲಂದ್ರ ಮಷಿನ್ ಮಾರಿ ಮಗಳ ಮನಿಗೆ ಬರ್ತೀನಿ ಅಂತ ಮಾತು ಕೊಟ್ಟೀನ್ರಿ."

ಮಗಳು ಒಳ್ಳೆಯವಳೇ. ಆದರೆ ಆ ಮಾತು ಹೇಳುವಾಗ ಅವರು ಬಾಗಿಲ ಪಕ್ಕದಲ್ಲೇ ಇದ್ದ ಮಷಿನ್ನಿನ ಮೇಲೆ ಕೈ ಇಟ್ಟಿದ್ದ ರೀತಿ ನೋಡಿದರೆ, ಮಾರುವುದು ಬರೀ ಮಷಿನ್ ಅಲ್ಲ ಅನ್ನುವುದು ಯಾರಿಗಾದರೂ ತಿಳಿಯುತ್ತಿತ್ತು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವುದೇ ಅವರ ವರ್ಷದ ದೊಡ್ಡ ದುಡಿಮೆ, ಶಾಲೆ ಶುರುವಾಗಲು ಒಂದೂವರೆ ತಿಂಗಳಿತ್ತು.

ಏಣಿ ಹಾಕಿ ಮೇಲೆ ಹತ್ತಿದರೆ ಹನ್ನೊಂದು ಕಲ್ಲು. ಸಾಲಾಗಿ ಅಂಚಿಗೆ ಇಟ್ಟದ್ದೂ ಅಲ್ಲ. ಒಂದು ಇಲ್ಲಿ, ಎರಡು ಅಲ್ಲಿ, ಒಂದು ಸರಿಯಾಗಿ ನಮ್ಮ ಪ್ಯಾನೆಲ್ ಬರುವ ಜಾಗದಲ್ಲಿ. ಹುಚ್ಚರು ಎಸೆದ ಹಾಗೆ ಕಂಡಿತು ನನಗೆ. ಮೊದಲನೆಯದನ್ನು ಎತ್ತಿ ಕೆಳಗೆ ಎಸೆದ ಸಪ್ಪಳಕ್ಕೆ ಟೇಲರವ್ವ ಒಳಗಿನಿಂದ ಕೂಗಿದರು.

"ಆ ಕಲ್ಲು ತಗೀಬ್ಯಾಡ್ರಿ. ಅವು ಸುಮ್ಮ ಇಟ್ಟಿದ್ದಲ್ಲ."

"ಯವ್ವಾ, ಕಲ್ಲಿನ ಕಾಲ ಮುಗೀತ್ರಿ. ಇನ್ನ ಬೋಲ್ಟಿನ ಕಾಲ," ಎಂದೆ ನಾನು. ಗೆಳೆಯ ನಕ್ಕ. ಅವನು ನಕ್ಕದ್ದಕ್ಕೆ ನನಗೆ ಇನ್ನಷ್ಟು ಹುರುಪು ಬಂದು ಉಳಿದ ಹತ್ತನ್ನೂ ಎಸೆದೆ.

ಕೆಲಸ ಹೀಗಿರುತ್ತದೆ. ತಗಡಿಗೆ ಏರು ತಗ್ಗು ಇರುತ್ತವಲ್ಲ, ಪ್ಯಾನೆಲ್ ಹೊರುವ ಪಟ್ಟಿಯನ್ನು ಏರಿನ ಮೇಲೆ ಸ್ಕ್ರೂ ಹಾಕಿ ಕೂಡಿಸುತ್ತೇವೆ. ತಗ್ಗಿನಲ್ಲಿ ಹಾಕಿದರೆ ಮಳೆಗಾಲದಲ್ಲಿ ಸೋರಿ ಮನೆಯವರು ಶಾಪ ಹಾಕುತ್ತಾರೆ. ಪಟ್ಟಿ ತಗಡನ್ನು ಹಿಡಿಯುತ್ತದೆ. ತಗಡನ್ನು ಕೆಳಗಿನ ಕಬ್ಬಿಣದ ಪೈಪಿಗೆ ಹಿಡಿದಿಟ್ಟಿರುವುದು ಕೊಕ್ಕೆಯ ಬೋಲ್ಟು. ಅದರ ನಟ್ಟು ತಗಡಿನ ಮೇಲಿರುತ್ತದೆ, ಬಾಗಿದ ಕೊಕ್ಕೆ ಒಳಗಡೆ ಪೈಪನ್ನು ಅಪ್ಪಿಕೊಂಡಿರುತ್ತದೆ. ಅವು ಗಟ್ಟಿ ಇವೆಯೋ ಇಲ್ಲವೋ ಒಂದೊಂದಾಗಿ ಎಳೆದು ನೋಡಬೇಕು. ನಾನು ನೋಡಲಿಲ್ಲ. ಮೇಲೆ ನಟ್ಟು ಕಂಡಿತು, ಸಾಕು ಅಂದುಕೊಂಡೆ.

ನಾಲ್ಕು ಗಂಟೆಯ ಹೊತ್ತಿಗೆ ಪಟ್ಟಿಗಳೆಲ್ಲ ಕೂತವು. ಪ್ಯಾನೆಲ್ ಎತ್ತುವುದನ್ನು ಮರುದಿನಕ್ಕೆ ಬಿಟ್ಟು, ಅವನ್ನು ಒಳಗೆ ಗೋಡೆಗೆ ಆನಿಸಿ, ಚಹಾ ಕುಡಿಯಲು ತಾವರಗೇರಾಕ್ಕೆ ಹೋದೆವು. ಚಹಾದ ಕಪ್ ಕೈಗೆ ಬಂದಿತ್ತು, ಅಷ್ಟರಲ್ಲಿ ಬಜಾರಿನ ಧೂಳೆಲ್ಲ ಎದ್ದು ನಿಂತಿತು. ಬೇಸಿಗೆಯ ಅಡ್ಡಮಳೆಗೆ ಮೊದಲು ಬರುವ ಗಾಳಿ. ಚಹಾ ಅಲ್ಲೇ ಬಿಟ್ಟು ಬೈಕ್ ಹತ್ತಿದೆವು.

ನಾವು ಮುಟ್ಟುವಷ್ಟರಲ್ಲಿ ಒಂದು ಪೂರ್ತಿ ತಗಡು ನಾನು ಹಾಕಿದ ಪಟ್ಟಿಯ ಸಮೇತ ಎದ್ದು ಬೇವಿನ ಮರದ ಬುಡದಲ್ಲಿ ಡೊಂಕಾಗಿ ಬಿದ್ದಿತ್ತು. ಒಳಗೆ ಮಳೆ ಸುರಿಯುತ್ತಿತ್ತು. ಟೇಲರವ್ವ ಮಷಿನ್ನಿನ ಮೇಲೆ ಕೌದಿ ಹೊದಿಸಿ, ಅದರ ಮೇಲೆ ತಾವೇ ಬಾಗಿ, ಎರಡೂ ಕೈಯಿಂದ ತಬ್ಬಿಕೊಂಡು ನಿಂತಿದ್ದರು. ಆ ಮೊಣಕಾಲಿನ ಮೇಲೆ ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾವಿಬ್ಬರೂ ಮಷಿನ್ ಎತ್ತಿ ಒಣ ಮೂಲೆಗೆ ಇಟ್ಟ ಮೇಲೆಯೇ ಅವರು ಕೂತದ್ದು.

ಇಂಗು ತಿಂದ ಮಂಗನ ಹಾಗೆ ನಿಂತು, "ಗಾಳಿ ಭಾಳ ದೊಡ್ಡದು ಬಂತ್ರಿ," ಎಂದೆ.

"ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ," ಎಂದರು ಅವರು. ಅಲ್ಲಿಯವರೆಗೆ ರೀ ಹಚ್ಚಿ ಮಾತಾಡಿಸುತ್ತಿದ್ದವರಿಗೆ ನಾನು ಆಗ ನೀನಾದೆ. "ಮೂರು ವರ್ಷದಾಗ ಇಂಥಾ ಗಾಳಿ ಎಷ್ಟು ಬಂದು ಹೋಗ್ಯಾವ ಗೊತ್ತೈತೇನು ನಿನಗ? ಒಂದ ಒಂದು ತಗಡು ಎದ್ದಿಲ್ಲ."

ಪ್ಲಾಸ್ಟಿಕ್ ಹಾಳೆ ಬಿಗಿದು, ನೀರು ಹೊರಹಾಕಿ ಊರಿಗೆ ಮರಳಿದೆವು. ನನಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಪ್ಯಾನೆಲ್ ಮೇಲಿದ್ದಿದ್ದರೆ ಅದರ ಭಾರವೂ ಸೇರಿ ಅವರ ತಲೆಯ ಮೇಲೇ ಬೀಳಬಹುದಿತ್ತು. ಅದು ಆಗಲಿಲ್ಲ ಅನ್ನುವುದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ.

ಮರುದಿನ ಬಜಾರಿನಿಂದ ಹೊಸ ತಗಡು ಹಾಕಿಸಿಕೊಂಡು ಗೆಳೆಯನ ಜೊತೆ ಬೇಗನೆ ಹೋದೆ. ಇವತ್ತು ಇವರು ನಮ್ಮನ್ನು ಒಳಗೆ ಬಿಡುವುದಿಲ್ಲ, ಮಗಳಿಗೆ ಫೋನ್ ಮಾಡಿ ಬರುತ್ತೇನೆ ಅಂದಿರುತ್ತಾರೆ ಎಂದೇ ಲೆಕ್ಕ ಹಾಕಿದ್ದೆ. ಟೇಲರವ್ವ ಹಾಸಿಗೆಯಲ್ಲಿ ಅಂಗಾತ ಮಲಗಿದ್ದರು, ಕೈಯಲ್ಲಿ ಬಟ್ಟೆ ಅಳೆಯುವ ಗಜಕಡ್ಡಿ. ನಾನು ಕೈಕಟ್ಟಿ ನಿಂತು, ಕಲ್ಲು ಯಾಕೆ ಹಾಗೆ ಇಟ್ಟಿದ್ದಿರಿ ಅಂತ ಕೇಳಿದೆ. ಹಿಂದಿನ ದಿನ ಹತ್ತುವ ಮೊದಲು ಕೇಳಬೇಕಾದದ್ದನ್ನು.

"ಮೊಣಕಾಲು ಹೋದ ಮ್ಯಾಲ ಇಲ್ಲೇ ಬಿದ್ಕೊಂಡು ತಗಡು ನೋಡೋದ ನನ್ನ ಉದ್ಯೋಗ ಆಗಿತ್ತು," ಎಂದರು. "ಯಾವ ಕೊಕ್ಕಿ ಜಂಗು ತಿಂದು ಉದುರತೈತೋ ಅಲ್ಲಿ ಈ ಕಡ್ಡಿಗೆ ಬಿದಿರು ಕಟ್ಟಿ ಕೆಳಗಿಂದ ಬಡೀತಿದ್ದೆ. ಬಾಜೂ ಮನಿಯಾತ ಮ್ಯಾಲ ಹತ್ತಿ ಸಪ್ಪಳ ಬಂದಲ್ಲಿ ಕಲ್ಲು ಇಡ್ತಿದ್ದ. ಹನ್ನೊಂದು ಕೊಕ್ಕಿ ಹೋಗ್ಯಾವು, ಹನ್ನೊಂದು ಕಲ್ಲು. ನೀ ಮ್ಯಾಲಿಂದ ನಟ್ಟು ನೋಡಿದಿ. ನಾ ಕೆಳಗಿಂದ ಕೊಕ್ಕಿ ನೋಡೀನಿ."

ಆರು ವರ್ಷದ ಫಿಟ್ಟರ್ ಕೆಲಸದಲ್ಲಿ ಯಾವ ಮೇಸ್ತ್ರಿಯೂ ನನಗೆ ಇಷ್ಟು ನೇರವಾಗಿ ಪಾಠ ಹೇಳಿರಲಿಲ್ಲ.

ಸಿಟ್ಟು ಬಂದರೆ ಬೈದುಬಿಡಿ, ಆದರೆ ಕೆಲಸ ಬಿಡಿಸಬೇಡಿ ಅಂತ ಕೇಳಿಕೊಂಡೆ. ಅವರು ಬೈಯಲೂ ಇಲ್ಲ. "ಬೈದ್ರ ತಗಡು ಕೂಡತೈತೇನು? ಹತ್ತು ಮ್ಯಾಲ. ನಾ ಬಡೀತೀನಿ," ಎಂದರು.

ಎದ್ದ ತಗಡಿನ ಜಾಗಕ್ಕೆ ಮೊದಲು ಹೊಸತನ್ನು ಹಾಕಿ, ಹೊಸ ಬೋಲ್ಟಿನಿಂದ ಬಿಗಿದೆವು. ಅಲ್ಲಿಗೆ ಹೋಗಿದ್ದ ಹನ್ನೊಂದರಲ್ಲಿ ಮೂರು ಮುಗಿದವು. ಉಳಿದ ಎಂಟಕ್ಕೆ ಕಲ್ಲಿನ ಗುರುತೂ ಇರಲಿಲ್ಲ, ನಾನೇ ಎಸೆದಿದ್ದೆನಲ್ಲ. ಟೇಲರವ್ವ ಗಜಕಡ್ಡಿಗೆ ಉದ್ದನೆಯ ಬಿದಿರು ಕಟ್ಟಿಸಿಕೊಂಡು ಮಲಗಿದಲ್ಲಿಂದಲೇ, ಎಟುಕದ ಕಡೆ ಮಾತ್ರ ಕುರ್ಚಿ ಹಿಡಿದು ನಿಂತು, ಕೆಳಗಿನಿಂದ ಟಕ್ ಟಕ್ ಬಡಿದರು. ನಾನು ಸಪ್ಪಳದ ಮೇಲೆ ಅಂಗೈ ಇಟ್ಟೆ. ತಗಡು ಅಂಗೈಯಲ್ಲಿ ನಡುಗುವುದು ತಿಳಿಯುತ್ತಿತ್ತು. ಅಲ್ಲೇ ತೂತು ಕೊರೆದೆ. ಗೆಳೆಯ ಒಳಗೆ ಸ್ಟೂಲಿನ ಮೇಲೆ ನಿಂತು ಹೊಸ ಕೊಕ್ಕೆಯನ್ನು ಪೈಪಿಗೆ ಸಿಕ್ಕಿಸಿದ, ನಾನು ಮೇಲಿನಿಂದ ನಟ್ಟು ಬಿಗಿದೆ. ಒಂದಾದ ಮೇಲೆ ಒಂದು. ಮಧ್ಯದಲ್ಲಿ ಒಮ್ಮೆ ಒಂದು ಗೇಣು ಆಚೆ ಕೈ ಇಟ್ಟರೆ, "ಅಲ್ಲಲ್ಲ, ಬಡಗ ದಿಕ್ಕಿಗೆ ಸರಿ," ಎಂದು ಒಳಗಿನಿಂದ ದನಿ ಬಂತು. ನನ್ನ ಕೈ ಅವರಿಗೆ ಕಾಣುತ್ತಿರಲಿಲ್ಲ, ತಗಡು ಬಾಗಿದ್ದು ಕಾಣುತ್ತಿತ್ತು.

ಎಂಟೂ ಮುಗಿದವು. ಉಳಿದ ಹಳೆ ಬೋಲ್ಟುಗಳನ್ನೂ ಈ ಸಲ ಒಂದೊಂದಾಗಿ ಎಳೆದು ನೋಡಿದೆ, ಗಟ್ಟಿಯಾಗಿದ್ದವು. ಅಷ್ಟರಲ್ಲಿ ಮತ್ತೆ ಟಕ್ ಟಕ್. ಹೋಗಿ ಕೈ ಇಟ್ಟರೆ ಅಲ್ಲಿ ಪೈಪೂ ಇಲ್ಲ, ಏನೂ ಇಲ್ಲ.

"ಯವ್ವಾ, ಇಲ್ಲೇನೈತ್ರಿ?" ಎಂದು ಕೂಗಿದೆ.

"ಏನಿಲ್ಲ. ರೊಟ್ಟಿ ಆರತಾವು, ಇಳೀರಿ ಇಬ್ರೂ."

ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಬಾಜೂ ಮನೆಯಿಂದ ಹೇಳಿ ಮಾಡಿಸಿದ್ದರಂತೆ. ನಾನು ನಾಲ್ಕು ರೊಟ್ಟಿ ತಿಂದೆ. ತಪ್ಪು ಮಾಡಿದವನಿಗೆ ಹಸಿವು ಕಡಿಮೆ ಅನ್ನುತ್ತಾರೆ, ನನಗಂತೂ ಹಾಗೇನೂ ಆಗಲಿಲ್ಲ.

ಅದರ ಮರುದಿನ, ಕಿತ್ತುಹೋದ ಪಟ್ಟಿಯನ್ನು ಮತ್ತೆ ಕೂಡಿಸಿದ ಮೇಲೆ, ಪ್ಯಾನೆಲ್ ಎರಡೂ ಮೇಲೇರಿದವು. ಬ್ಯಾಟರಿ ಇಟ್ಟು, ವೈರ್ ಎಳೆದು, ಸ್ವಿಚ್ ಒತ್ತುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು. ಹೊಲದ ಲೈನಿನಲ್ಲಿ ಕರೆಂಟು ಇರಲಿಲ್ಲ. ಟೇಲರವ್ವ ಮಷಿನ್ ಮುಂದೆ ಕೂತರು. ನೀರು ಬಿದ್ದ ಜಾಗಗಳಿಗೆಲ್ಲ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು ಒರೆಸಿದ್ದರು. ಸೂಜಿಗೆ ತಾವೇ ದಾರ ಪೋಣಿಸಿ, ಕೆಳಗಿನ ಗುಂಡಿಯನ್ನು ಕಾಲಿನ ತುದಿಯಿಂದ ಮೆಲ್ಲಗೆ ಒತ್ತಿದರು. ಮಷಿನ್ ಓಡಿತು. ಅವರು ಕಾಲು ತೆಗೆದರು, ನಿಂತಿತು. ಮತ್ತೆ ಒತ್ತಿದರು. ಹಾಗೆ ನಾಲ್ಕೈದು ಸಲ ಮಾಡಿದ ಮೇಲೆ ಒಂದು ನೀಲಿ ಬಟ್ಟೆಯ ಅಂಚು ಮಡಚಿ ಹೊಲಿದು, ದಾರ ಹಲ್ಲಿನಿಂದ ಕಡಿದು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಗೆರೆ ನೇರವಾಗಿತ್ತು. ನಾನು ಸುಮ್ಮನೆ ಸ್ಪ್ಯಾನರ್ ಹುಡುಕುವವನ ಹಾಗೆ ಬಗ್ಗಿದೆ.

ಅಂಗಳದಲ್ಲಿ ಬಿದ್ದಿದ್ದ ಹನ್ನೊಂದು ಕಲ್ಲನ್ನು ಬಾಗಿಲ ಮುಂದೆ ಜೋಡಿಸಿ ಒಂದು ಮೆಟ್ಟಿಲು ಮಾಡಿಕೊಟ್ಟು ಬಂದೆವು. ಅಂದಿನಿಂದ ಯಾವ ಊರಿಗೆ ಹೋದರೂ, ತಗಡಿನ ಮೇಲೆ ಕಲ್ಲು ಕಂಡರೆ ಮೊದಲು ಮನೆಯೊಳಗೆ ಹೋಗಿ ತಲೆಯೆತ್ತಿ ನೋಡುತ್ತೇನೆ, ಅಲ್ಲಿ ದಿನವೆಲ್ಲ ಇರುವವರನ್ನು ಕೇಳುತ್ತೇನೆ. ಆಮೇಲೆ ಏಣಿ.

ಶಾಲೆ ಶುರುವಾಗಲು ವಾರವಿದೆ ಅನ್ನುವಾಗ ಯಲಬುರ್ಗಾದಿಂದ ಮರಳುತ್ತಿದ್ದೆ. ಮಧ್ಯಾಹ್ನವೇ ಆಕಾಶ ಕಪ್ಪಾಗಿ ಗಾಳಿ ಎದ್ದಿತು. ನನ್ನ ದಾರಿ ಅದಲ್ಲ, ಆದರೂ ಬೈಕ್ ತಾವರಗೇರಾದ ಕಡೆ ತಿರುಗಿತು. ಟೇಲರವ್ವ ನೀಲಿ ಬಟ್ಟೆಯ ರಾಶಿಯ ನಡುವೆ ಹೊಲಿಯುತ್ತ ಕೂತಿದ್ದರು. ಗೋಡೆಯ ಗೂಟಕ್ಕೆ ಮುಗಿದ ಅಂಗಿಗಳು ತೂಗುತ್ತಿದ್ದವು.

"ಗಾಳಿ ನೋಡಾಕ ಬಂದಿಯೇನು?" ಎಂದರು.

"ಇಲ್ರಿ, ಹಂಗ ಈ ಕಡಿ ಬಂದಿದ್ದೆ."

"ಸುಳ್ಳು ಬ್ಯಾಡ. ನನಗ ಪುರುಸೊತ್ತಿಲ್ಲ ತಮ್ಮಾ, ಭಾಳ ಕೆಲಸ ಐತಿ. ಹಾಸಿಗಿ ಅಲ್ಲೇ ಐತಿ, ಬೇಕಾದ್ರ ನೀನ ಬಿದ್ಕೊಂಡು ತಗಡು ನೋಡು."

ನಾನು ಆ ಹಾಸಿಗೆಯ ಮೇಲೆ ಅಂಗಾತ ಮಲಗಿದೆ. ಮೇಲೆ ಹನ್ನೊಂದು ಹೊಸ ಕೊಕ್ಕೆಗಳು ಹೊಳೆಯುತ್ತಿದ್ದವು. ಗಾಳಿ ಬೇವಿನ ಮರವನ್ನು ಹಿಡಿದು ಅಲ್ಲಾಡಿಸಿತು, ಮಳೆ ಬಂತು, ಲೈನಿನ ಕರೆಂಟು ಹೋಯಿತು. ನಾನು ಒಂದೊಂದೇ ಕೊಕ್ಕೆಯನ್ನು ನೋಡುತ್ತ ಉಸಿರು ಬಿಗಿಹಿಡಿದಿದ್ದೆ. ಮಷಿನ್ ಓಡುತ್ತಲೇ ಇತ್ತು. ಟೇಲರವ್ವ ಒಮ್ಮೆಯೂ ತಲೆಯೆತ್ತಿ ಮೇಲೆ ನೋಡಲಿಲ್ಲ.