ಗೋದಾಬಾಯಿಯವರು ಬೀಗ ಹಾಕಿದ ಮಧ್ಯಾಹ್ನ

ಹೈದರಾಬಾದಿನ ಮೆಟ್ರೊ ನಿಲ್ದಾಣಗಳಿಗೆ ನಕ್ಷೆ ಬರೆದ ಎಂಜಿನಿಯರುಗಳ ಸಾಲಿನಲ್ಲಿ ಶ್ರೀಮತಿ ಗೋದಾಬಾಯಿಯವರ ಹೆಸರು ಅಗ್ರಪಂಕ್ತಿಯಲ್ಲಿರತಕ್ಕದ್ದು. ರಾಯಚೂರಿನಲ್ಲಿ ಹುಟ್ಟಿ, ಕಾಚಿಗೂಡದಲ್ಲಿ ಬೆಳೆದು, ನಮ್ಮ ಸಲಹಾ ಸಂಸ್ಥೆಯ ನಕ್ಷೆ ವಿಭಾಗದಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದ ಈ ಹಿರಿಯರ ಸೌಮ್ಯ ಸ್ವಭಾವವನ್ನು ಕುರಿತು ಬರೆಯಬೇಕೆಂದು ಈ ಅಭಿನಂದನಾ ಸಂಪುಟದ ಸಂಪಾದಕರು ನನಗೆ ಸೂಚಿಸಿದ್ದಾರೆ. ಕ್ಷಮಿಸಬೇಕು. ಅವರು ಸೌಮ್ಯರಲ್ಲ, ನಾನೂ ಇಂದು ಸೌಮ್ಯನಾಗಿಲ್ಲ.

ಅಕ್ಕರೆಯೇನೋ ಅವರಲ್ಲಿ ಬೆಟ್ಟದಷ್ಟಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ನನ್ನ ಮುಂದೆ ತಮ್ಮ ರೊಟ್ಟಿ ಡಬ್ಬಿ ಸರಿಸಿ, "ಹಸದ ಹೊಟ್ಟ್ಯಾಗ ಎಳದ ಗೆರಿ ಸೊಟ್ಟ ಬರ್ತೈತೋ ಪ್ರಾಣೇಶ, ಮೊದ್ಲ ತಿನ್ನು" ಎಂದವರು ಅವರು.

೨೦೧೧ರಲ್ಲಿ ಕಾರ್ಖಾನೆಗಳಿರುವ ಬಾಲಾನಗರದ ಬಳಿಯ ನಿಲ್ದಾಣವೊಂದಕ್ಕೆ ಅವರು ಬರೆದ ನಕ್ಷೆಯಿಂದ ಹೆಂಗಸರ ಶೌಚಾಲಯವನ್ನು ಅಳಿಸಿ, ಆ ಜಾಗದಲ್ಲಿ ಅಂಗಡಿ ಬರೆಸಿದವರು ನಮ್ಮ ನಿರ್ದೇಶಕರಾದ ರಾಮದಾಸರು. ಗೋದಾಬಾಯಿಯವರು ಆಕ್ಷೇಪಿಸಿದಾಗ ಸಿಕ್ಕ ಉತ್ತರ ಇದು: "ಅರ್ಧ ತಾಸಿನ ಪ್ರಯಾಣಕ್ಕ ಸಂಡಾಸ ಯಾಕ್ರಿ?" ಎಂಥ ಮಾತು! ಕಾರ್ಖಾನೆಯಲ್ಲಿ ದಿನವಿಡೀ ನಿಂತು ದುಡಿದ ಹೆಂಗಸು ರೈಲಿಳಿದು ಬಸ್ಸಿಗೆ ಕಾಯುವಾಗ ಎಲ್ಲಿಗೆ ಹೋಗಬೇಕು? ನಾಚಿಕೆಯಾಗಬೇಕು ಇಂಥವರಿಗೆ.

ಮುಂದಿನ ಪರಿಶೀಲನಾ ಸಭೆ ಮಧ್ಯಾಹ್ನಕ್ಕೂ ಮುಗಿಯಲಿಲ್ಲ. ಎರಡು ಸಲ ಚಹಾ ಆಗಿತ್ತು. ಅವಸರದಿಂದ ಎದ್ದು ಹೊರಹೋದ ರಾಮದಾಸರು ಅದೇ ವೇಗದಲ್ಲಿ ಮರಳಿ ಬಂದರು.

"ಸಂಡಾಸಕ್ಕ ಬೀಗ ಯಾರು ಹಾಕ್ಯಾರ್ರಿ?"

"ನಾನ ಹಾಕೀನ್ರಿ ಸಾಹೇಬ್ರ," ಎಂದರು ಗೋದಾಬಾಯಿಯವರು, ಚಾವಿಯನ್ನು ಮುಷ್ಟಿಯಲ್ಲಿಟ್ಟುಕೊಂಡು. "ಅರ್ಧ ತಾಸು ತಡಕೋರಿ. ಇಲ್ಲಾಂದ್ರ ಅಂಗಡಿಗೆ ಹೋಗ್ರಿ."

ನಗುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಶೌಚಾಲಯ ಆ ಸಂಜೆಯೇ ನಕ್ಷೆಗೆ ಮರಳಿತು.

ಅದಕ್ಕೆ ದೊರೆತ ಬಹುಮಾನವೇನು? ಜೀಡಿಮೆಟ್ಲಾದ ಗೋದಾಮಿಗೆ ವರ್ಗ! ನಿಲ್ದಾಣಗಳನ್ನು ಕಲ್ಪಿಸಬಲ್ಲ ಕೈಗೆ ಟೈಲ್ಸು, ಪೈಪುಗಳ ಮಾದರಿಗಳನ್ನು ಕಾಯುವ ಕೆಲಸ. ಆ ಗೋದಾಮಿನಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಇದು ಗೊತ್ತಿದ್ದೇ, ಬೇಕೆಂದೇ ಅಲ್ಲಿಗೆ ಕಳಿಸಿದರು. ನಿವೃತ್ತಿಯಾಗುವವರೆಗೂ ಮೂರು ವರ್ಷ ಅವರು ರಸ್ತೆ ದಾಟಿ ಎದುರು ಮನೆಯವರ ಬಾಗಿಲು ತಟ್ಟಿದರು. ಈ ಪ್ರಸಂಗವನ್ನು ಸಂಪಾದಕರು ಕತ್ತರಿಸುವುದಾದರೆ ನನ್ನ ಲೇಖನವನ್ನೇ ಕೈಬಿಡಲಿ.

ಮೊನ್ನೆಯ ಬೀಳ್ಕೊಡುಗೆಯಲ್ಲಿ ಅದೇ ರಾಮದಾಸರು ಶಾಲು ಹೊದಿಸಿ ಅವರನ್ನು ಸಹನಾಮೂರ್ತಿ ಎಂದು ಕರೆದರು. ನನ್ನ ಮೈ ಉರಿಯಿತು. ಗೋದಾಬಾಯಿಯವರು ಶಾಲು ತೆಗೆದು ಮಡಚಿ ಮೇಜಿನ ಮೇಲಿಟ್ಟು ಹೇಳಿದರು: "ಇದು ನನಗ ಬ್ಯಾಡ್ರಿ. ಗೋದಾಮಿನಾಗ ನನ್ನ ಜಾಗಕ್ಕ ಶಿವದೇವಿ ಬಂದಾಳ. ಎದುರು ಮನಿಯವ್ರೂ ಮನಿ ಬಿಟ್ಟು ಹೋಗ್ಯಾರ. ಆಕಿಗೊಂದು ಸಂಡಾಸ ಕಟ್ಟಿಸಿ ಕೊಡ್ರಿ, ಸಾಕು."

ಸಭೆ ಚಪ್ಪಾಳೆ ತಟ್ಟಿತು. ರಾಮದಾಸರೂ ತಟ್ಟಿದರು. ಒಂದು ಇಟ್ಟಿಗೆಯೂ ಇನ್ನೂ ಅಲ್ಲಿಗೆ ಹೋಗಿಲ್ಲ.

ಗೋದಾಬಾಯಿಯವರಿಗೆ ದೀರ್ಘಾಯುಷ್ಯವನ್ನೂ ಗಟ್ಟಿ ಆರೋಗ್ಯವನ್ನೂ ಹೃತ್ಪೂರ್ವಕವಾಗಿ ಕೋರುತ್ತೇನೆ. ವಿಶ್ರಾಂತಿಯನ್ನು ಮಾತ್ರ ಕೋರಲಾರೆ. ಶಿವದೇವಿ ಇವತ್ತೂ ಬೆಳಗಿನಿಂದ ನೀರು ಕುಡಿಯದೆ ಆ ಗೋದಾಮಿನಲ್ಲಿ ಕೂತಿದ್ದಾಳೆ.